ಸ್ಟೆಂಟ್‌ನೊಳಗೆ ತಡವಾಗಿ ಕಟ್ಟುವ ಹೆಪ್ಪು

ಹೃದಯಕ್ಕೆ ‘ಸ್ಪ್ರಿಂಗ್’ ಹಾಕಿಸಿಕೊಂಡವರು ಇಂದು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ವೈದ್ಯರ ಬಾಯಲ್ಲಿ ಅದು ಸ್ಟೆಂಟ್. ಕಿರಿದಾದ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ 1977ರಲ್ಲಿ ಜೂರಿಕ್‌ನಲ್ಲಿ ಮೊದಲು ಮಾಡಿದರು. ಹಿಗ್ಗಿದ ನಾಳ ಮತ್ತೆ ಕುಗ್ಗದಂತೆ ಒಳಗೇ ಲೋಹದ ಜಾಲರಿ ನಿಲ್ಲಿಸುವ ಉಪಾಯ ಬಂದದ್ದು 1986ರಲ್ಲಿ.

ಆದರೆ ಶರೀರ ಸುಮ್ಮನಿರುತ್ತದೆಯೆ? ಜಾಲರಿ ತಾಗಿದ ಗಾಯ ಮಾಯುವ ಭರದಲ್ಲಿ ನಾಳದ ಸ್ನಾಯುಕೋಶಗಳು ಮಿತಿಮೀರಿ ಬೆಳೆದು ದಾರಿಯನ್ನು ಮತ್ತೆ ಕಿರಿದಾಗಿಸುತ್ತಿದ್ದವು. ಇದಕ್ಕೆ ಮದ್ದೆಂದು ಬಂದದ್ದೇ ಔಷಧ ಲೇಪಿಸಿದ ಸ್ಟೆಂಟ್. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಮೊದಲನೆಯದರಲ್ಲಿದ್ದ ಸಿರೊಲಿಮಸ್, ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತದ್ದು. ಮರುವರ್ಷ ಬಂದ ಸ್ಟೆಂಟ್‌ನ ಪ್ಯಾಕ್ಲಿಟಾಕ್ಸೆಲ್, ಯೂ ಮರದ ತೊಗಟೆಯಲ್ಲಿ ಪತ್ತೆಯಾದ ಕ್ಯಾನ್ಸರ್ ಮದ್ದು. ನಾಳ ಮತ್ತೆ ಕಿರಿದಾಗುವುದು ನಿಜಕ್ಕೂ ಬಹಳ ಕಡಿಮೆಯಾಯಿತು.

2006ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಹೃದ್ರೋಗ ತಜ್ಞರ ಸಮ್ಮೇಳನ ಈ ಸಂಭ್ರಮಕ್ಕೆ ತಣ್ಣೀರೆರಚಿತು. ಇಂಥ ಸ್ಟೆಂಟ್ ಹಾಕಿಸಿಕೊಂಡ ಕೆಲವರಲ್ಲಿ, ವರ್ಷ ಕಳೆದ ಮೇಲೂ, ಅದರೊಳಗೆ ಥಟ್ಟನೆ ರಕ್ತ ಹೆಪ್ಪುಗಟ್ಟುತ್ತಿದೆ ಎಂಬ ವರದಿಗಳು ಅಲ್ಲಿ ಮಂಡನೆಯಾದವು. ಹೀಗಾಗುವುದು ಅಪರೂಪ. ಆದವರಿಗೆ ಮಾತ್ರ ಹೃದಯಾಘಾತ ತಪ್ಪಿದ್ದಲ್ಲ ಎಂಬಂತೆ, ಅನೇಕರು ಉಳಿಯುವುದಿಲ್ಲ.

ಮೊದಲ ಆರೋಪಿ ಆ ಔಷಧವೇ. ರಕ್ತನಾಳದ ಒಳಮೈಗೆ ಎಂಡೋಥೀಲಿಯಂ ಎಂಬ ನಯವಾದ ಪದರವಿದೆ. ಬರಿಯ ಲೋಹದ ಜಾಲರಿಯನ್ನು ಅದು ಕೆಲವು ತಿಂಗಳಲ್ಲಿ ಹೊದಿಸಿಬಿಡುತ್ತದೆ. ಆಮೇಲೆ ರಕ್ತಕ್ಕೆ ಲೋಹದ ಸೋಂಕಿಲ್ಲ. ಔಷಧಕ್ಕೋ, ಬೇಡದ ಕೋಶ ಯಾವುದು, ಬೇಕಾದ ಕೋಶ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ತಡೆಯುತ್ತದೆ. ಭಾರತ ಮೂಲದ ರೇಣು ವಿರ್ಮಾನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಸತ್ತವರ ನಾಳಗಳನ್ನು ಪರೀಕ್ಷಿಸಿದಾಗ, ಹೊದಿಕೆಯಿಲ್ಲದೆ ಬತ್ತಲಾಗಿ ಉಳಿದ ತಂತಿಗಳು ಕಂಡವು. ಔಷಧವನ್ನು ಹಿಡಿದಿಡುವ ಪಾಲಿಮರ್ ಲೇಪವೂ ಕೆಲವರಲ್ಲಿ ಉರಿಯೂತ ಎಬ್ಬಿಸುತ್ತದೆ. ಜಾಲರಿ ಪೂರ್ತಿ ಅರಳದೆ ಗೋಡೆಗೂ ಅದಕ್ಕೂ ಸಂದು ಉಳಿದರೆ, ಅಲ್ಲೂ ಹೆಪ್ಪು ಕಟ್ಟಬಹುದು. ಮಧುಮೇಹಿಗಳಿಗೆ ಅಪಾಯ ಹೆಚ್ಚು.

ಈಗಿನ ಸ್ಟೆಂಟ್‌ಗಳ ತಂತಿ ಹಿಂದಿನವಕ್ಕಿಂತ ತೆಳು, ಲೇಪವೂ ಸುಧಾರಿಸಿದೆ. ತೊಂದರೆ ತಗ್ಗಿದೆ, ಅಳಿದಿಲ್ಲ. ತಾನೇ ಕರಗಿಹೋಗುವ ‘ಅಬ್ಸಾರ್ಬ್’ ಎಂಬುದರಲ್ಲಿ ಹೆಪ್ಪು ಇನ್ನೂ ಹೆಚ್ಚಾಗಿ ಕಂಡು, ತಯಾರಕರು 2017ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು.

ರೋಗಿಯ ಕೈಯಲ್ಲೇ ಇರುವ ಕಾರಣವೊಂದಿದೆ: ಮಾತ್ರೆ. 2004ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆ ನಾಲ್ವರ ವಿಷಯ ಪ್ರಕಟಿಸಿತ್ತು. ಸ್ಟೆಂಟ್ ಹಾಕಿ ಸುಮಾರು ವರ್ಷವಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ನಾಳ ಮುಚ್ಚಿತ್ತು. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕೊಡುತ್ತಾರೆ. ಎಷ್ಟು ಕಾಲ ಎಂಬುದು ಆಳಿನಿಂದ ಆಳಿಗೆ ಬೇರೆ. ನಮ್ಮಲ್ಲಿ ಹಲ್ಲು ಕೀಳಿಸಲೆಂದು ಯಾರನ್ನೂ ಕೇಳದೆ ಎರಡನ್ನೂ ಬಿಟ್ಟುಬಿಡುವವರುಂಟು. ಒಂದೆರಡು ಹಲ್ಲಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಇಲ್ಲ. ಒಸಡಿಗೆ ಗಾಜ್ ಬಟ್ಟೆ ಒತ್ತಿ ಹಿಡಿದರೆ ರಕ್ತ ಕೊಂಚ ತಡವಾಗಿಯಾದರೂ ನಿಲ್ಲುತ್ತದೆ.