ಖಿನ್ನತೆಯ ಕಾರಣಗಳು

ಖಿನ್ನತೆಯು ಭಾವಸ್ಥಿತಿಗೆ ಸಂಬಂಧಿಸಿದ ಒಂದು ಮಾನಸಿಕ ಕಾಯಿಲೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದಿನದ ಬಹುಭಾಗ ಕಾಡುವ ದುಃಖ, ನಿರಾಸಕ್ತಿ, ನಿದ್ರೆ ಹಾಗೂ ಹಸಿವಿನ ಏರುಪೇರು, ಆಯಾಸ, ತಾನು ನಿಷ್ಪ್ರಯೋಜಕನೆಂಬ ಭಾವನೆ ಇದರ ಮುಖ್ಯ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗಿರುತ್ತಾರೆ. ಈ ಕಾಯಿಲೆಗೆ ಒಂದೇ ಕಾರಣವಿಲ್ಲ; ಸಾಮಾನ್ಯವಾಗಿ ಹಲವು ಕಾರಣಗಳು ಕೂಡಿ ಬಂದಾಗ ಇದು ಉಂಟಾಗುತ್ತದೆ.

ಜೈವಿಕ ಕಾರಣಗಳು

1950ರ ದಶಕದಲ್ಲಿ ಸರ್ಪಗಂಧಿಯ ಬೇರಿನಿಂದ ಪಡೆದ ರಿಸರ್ಪೀನ್ ಔಷಧವನ್ನು ರಕ್ತದೊತ್ತಡಕ್ಕಾಗಿ ಸೇವಿಸುತ್ತಿದ್ದ ಕೆಲವರಲ್ಲಿ ಖಿನ್ನತೆ ಕಂಡುಬಂದಿತು. ಈ ಔಷಧವು ಮಿದುಳಿನಲ್ಲಿ ಸೆರೊಟೋನಿನ್ ಮೊದಲಾದ ನರವಾಹಕಗಳನ್ನು ಕಡಿಮೆ ಮಾಡುತ್ತಿದ್ದುದರಿಂದ, ಅವುಗಳ ಕೊರತೆಯೇ ಖಿನ್ನತೆಗೆ ಕಾರಣವೆಂಬ ವಾದ ಬೆಳೆಯಿತು. ಈ ವಿವರಣೆ ಅಪೂರ್ಣವೆಂದು ಇಂದು ಪರಿಗಣಿಸಲಾಗಿದೆ. ದೀರ್ಘಕಾಲದ ಒತ್ತಡದಿಂದ ಹೆಚ್ಚುವ ಕಾರ್ಟಿಸೋಲ್ ಹಾರ್ಮೋನು, ಥೈರಾಯ್ಡ್ ಗ್ರಂಥಿಯ ಸ್ರಾವದ ಕೊರತೆ, ಪಾರ್ಶ್ವವಾಯು, ಹೆರಿಗೆಯ ನಂತರದ ದೈಹಿಕ ಬದಲಾವಣೆಗಳು ಕೂಡ ಖಿನ್ನತೆಗೆ ದಾರಿಯಾಗಬಹುದು.

ಕೆಲವರಿಗೆ ಹೆಚ್ಚು ಅಪಾಯವೇಕೆ?

ಒಂದೇ ಬಗೆಯ ಆಘಾತವನ್ನು ಒಬ್ಬರು ತಾಳಿಕೊಂಡರೆ ಇನ್ನೊಬ್ಬರು ಕುಸಿಯುತ್ತಾರೆ. ಅವಳಿಗಳ ಅಧ್ಯಯನಗಳ ಪ್ರಕಾರ ಇಂತಹ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪಾಲು ಅನುವಂಶೀಯತೆಯದು. ಆದರೆ ವಂಶದಿಂದ ಬರುವುದು ಕಾಯಿಲೆಯಲ್ಲ, ಅದಕ್ಕೆ ಒಳಗಾಗುವ ಸಾಧ್ಯತೆ ಮಾತ್ರ. ಉಳಿದುದನ್ನು ಜೀವನದ ಅನುಭವಗಳು ನಿರ್ಧರಿಸುತ್ತವೆ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಮಹಿಳೆಯರ ಕುರಿತು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವರು ಹಾಗೂ ಮನಬಿಚ್ಚಿ ಮಾತನಾಡಲು ಆಪ್ತರಿಲ್ಲದವರು ಕಷ್ಟ ಎದುರಾದಾಗ ಸುಲಭವಾಗಿ ಖಿನ್ನತೆಗೆ ಒಳಗಾಗುವುದು ಕಂಡುಬಂದಿತು. ಉಡುಪಿ, ಕಾಪು, ಕಾರ್ಕಳ ಭಾಗದ ಅನೇಕ ಮನೆಗಳಲ್ಲಿ ದುಡಿಯುವವರು ಮುಂಬಯಿಯಲ್ಲೋ ಗಲ್ಫ್ ದೇಶಗಳಲ್ಲೋ ಇದ್ದು, ಊರಿನಲ್ಲಿ ವೃದ್ಧರಷ್ಟೇ ಉಳಿದಿರುತ್ತಾರೆ. ಇಂತಹ ಒಂಟಿತನವೂ ಅಪಾಯವನ್ನು ಹೆಚ್ಚಿಸುವ ಅಂಶವಾಗಿದೆ. ಬಡತನ, ಸಾಲ, ಮದ್ಯವ್ಯಸನ ಮತ್ತು ಕೌಟುಂಬಿಕ ಹಿಂಸೆಗಳೂ ಇದೇ ಸಾಲಿಗೆ ಸೇರುತ್ತವೆ. ಪುರುಷರಿಗಿಂತ ಮಹಿಳೆಯರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು.

ತಪ್ಪು ಕಲ್ಪನೆ ಮತ್ತು ಚಿಕಿತ್ಸೆ

ಖಿನ್ನತೆಯನ್ನು ಸೋಮಾರಿತನ ಅಥವಾ ಮನೋದೌರ್ಬಲ್ಯವೆಂದು ಭಾವಿಸುವುದರಿಂದ ಅನೇಕರು ವೈದ್ಯರ ಬಳಿಗೆ ಹೋಗಲು ಹಿಂಜರಿಯುತ್ತಾರೆ. ಮೇಲಿನ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆಪ್ತಸಮಾಲೋಚನೆ ಮತ್ತು ಔಷಧಗಳಿಂದ ಬಹುತೇಕರು ಚೇತರಿಸಿಕೊಳ್ಳಬಲ್ಲರು. ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಹಾಗೂ ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಚಿಕಿತ್ಸೆ ಲಭ್ಯವಿದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416.