ತಲೆ ಎಣಿಸುವ ಗಾಳಿ

ಅರವತ್ತು ಕುರ್ಚಿಯ ಸಭಾಂಗಣದಲ್ಲಿ ಇಪ್ಪತ್ತೇ ಜನ ಕೂತಿದ್ದಾರೆ. ಹಲವು ಕಟ್ಟಡಗಳಲ್ಲಿ ಎಸಿ ಯಂತ್ರಕ್ಕೆ ಈ ಸುದ್ದಿ ತಲುಪುವುದೇ ಇಲ್ಲ. ಅದು ಅರವತ್ತು ಮಂದಿಗೆ ಬೇಕಾದಷ್ಟು ಹೊರಗಾಳಿಯನ್ನು ಎಳೆದು, ತಣಿಸಿ, ತೇವ ತೆಗೆದು ಒಳಗೆ ತಳ್ಳುತ್ತಲೇ ಇರುತ್ತದೆ. ಕರೆಂಟ್ ಬಿಲ್ ಖಾಲಿ ಕುರ್ಚಿಗಳ ಲೆಕ್ಕದಲ್ಲೂ ಏರುತ್ತದೆ.

ಯಂತ್ರಕ್ಕೆ ತಲೆ ಎಣಿಸಲು ಕಲಿಸುವ ದಾರಿ ಹಳೆಯದು. ಒಳಗಿನ ಕಾರ್ಬನ್ ಡೈಆಕ್ಸೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ) ದಾಟದಿರಲಿ ಎಂದು ಮ್ಯೂನಿಕ್‌ನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದರು. ಆ ಮಟ್ಟದಲ್ಲಿ ಅನಿಲ ವಿಷವಾಗುತ್ತದೆಂದು ಅವರು ಭಾವಿಸಿರಲಿಲ್ಲ. ಜನರ ಉಸಿರು, ಮೈವಾಸನೆ ಎಷ್ಟು ಕೂಡಿಕೊಂಡಿದೆ ಎಂಬುದಕ್ಕೆ ಅದನ್ನು ಗುರುತಾಗಿ ಹಿಡಿದರು. ಇಂದು ಗೋಡೆಯ ಸೆನ್ಸರ್ ಅದೇ ಗುರುತನ್ನು ಓದಿ ಹೊರಗಾಳಿಯ ಕವಾಟವನ್ನು (ಡ್ಯಾಂಪರ್) ತೆರೆಯುತ್ತದೆ, ಮುಚ್ಚುತ್ತದೆ.

ಕಂಪ್ಯೂಟರಿನೊಳಗಿನ ಸಭಾಂಗಣ

ಎಷ್ಟು ತೆರೆಯಬೇಕು, ಯಾವಾಗ? ಇದನ್ನು ಕಟ್ಟಡ ಏಳುವ ಮೊದಲೇ ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ನೋಡಬಹುದು. ಅಮೆರಿಕದ ಇಂಧನ ಇಲಾಖೆಯ ‘ಎನರ್ಜಿಪ್ಲಸ್’, ಅಲ್ಲಿನ ಮಾನಕ ಸಂಸ್ಥೆ ನಿಸ್ಟ್‌ನ ‘ಕಾಂಟಾಮ್’ ಇಂಥ ಕೆಲಸದ ತಂತ್ರಾಂಶಗಳು. ಒಳಗಿನ ಲೆಕ್ಕ ಸರಳ: ಜನ ಬಿಟ್ಟ ಅನಿಲ ಎಷ್ಟು, ಗಾಳಿಯೊಡನೆ ಹೊರಹೋದದ್ದೆಷ್ಟು.

ಸಭಾಂಗಣ 300 ಘನ ಮೀಟರ್ ಎನ್ನಿ. ಕೂತ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಅರವತ್ತು ಜನ ತುಂಬಿ, ಹೊರಗಾಳಿ ಪೂರ್ತಿ ನಿಂತರೆ ನಿಮಿಷಕ್ಕೆ 60 ಪಿಪಿಎಂ ಏರಿಕೆ. ಹೊರಗಿನ 420ರಿಂದ ಹೊರಟು ಹತ್ತು ನಿಮಿಷದೊಳಗೆ ಸಾವಿರ ದಾಟುತ್ತದೆ. ತಲಾ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ 920ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಪ್ಪತ್ತೇ ಜನರಿದ್ದರೆ ಮೂರನೇ ಒಂದು ಪಾಲು ಗಾಳಿ ಸಾಕು. ಆಗ ಫ್ಯಾನ್ ವೇಗವನ್ನೂ ಅಷ್ಟಕ್ಕೇ ಇಳಿಸಿದರೆ ಅದು ಕೇಳುವ ವಿದ್ಯುತ್, ವೇಗದ ಘನದಂತೆ ಬದಲಾಗುತ್ತದೆ ಎಂಬ ಪುಸ್ತಕದ ಸೂತ್ರದ ಪ್ರಕಾರ, ಇಪ್ಪತ್ತೇಳನೇ ಒಂದು ಭಾಗಕ್ಕೆ ಇಳಿಯುತ್ತದೆ.

ಉಳಿತಾಯದ ಬೆಲೆ

ತೊಡಕು ಕಾಲದ್ದು. ಹೊರಗಾಳಿ ಕಡಿಮೆಯಾದಷ್ಟೂ ಕೋಣೆಯೊಳಗಿನ ಗಾಳಿ ನಿಧಾನವಾಗಿ ಬದಲಾಗುತ್ತದೆ. ಜನ ಒಮ್ಮೆಲೇ ನುಗ್ಗಿದರೆ ಸೆನ್ಸರ್ ತಡವಾಗಿ ಎಚ್ಚರಗೊಳ್ಳುತ್ತದೆ. ಬರೀ ಆನ್–ಆಫ್ ನಿಯಂತ್ರಣವಾದರೆ ಮಟ್ಟ ಏರಿಳಿಯುತ್ತಲೇ ಇರುತ್ತದೆ. ಹಲವು ಕೋಣೆಗಳಿಂದ ಮರಳುವ ಗಾಳಿಯ ಕೊಳವೆಯಲ್ಲಿ ಒಂದೇ ಸೆನ್ಸರ್ ಇಟ್ಟರೆ, ಖಾಲಿ ಕೋಣೆಗಳ ಸರಾಸರಿಯಲ್ಲಿ ಕಿಕ್ಕಿರಿದ ಕೋಣೆ ಮರೆಯಾಗುತ್ತದೆ.

ಇನ್ನೊಂದು ಕುರುಡು ಬಿಂದು ಬೆಂಗಳೂರಿನ ಮೂರು ಪಾಳಿಯ ಕಚೇರಿಗಳಿಗೆ ನೇರ ತಾಗುತ್ತದೆ. ಅನೇಕ ಸೆನ್ಸರ್‌ಗಳು ಕೆಲ ದಿನಗಳಲ್ಲಿ ಕಂಡ ಅತಿ ಕಡಿಮೆ ಮಟ್ಟವನ್ನೇ ಹೊರಗಾಳಿ ಎಂದು ಭಾವಿಸಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ಎಂದೂ ಖಾಲಿಯಾಗದ ಕಚೇರಿಯಲ್ಲಿ ಈ ಊಹೆ ತಪ್ಪುತ್ತದೆ. ಸೆನ್ಸರ್ ಕಡಿಮೆ ತೋರಿಸುತ್ತದೆ, ಡ್ಯಾಂಪರ್ ಕಿರಿದಾಗುತ್ತದೆ. ಹೊಸ ಬಣ್ಣ, ಪ್ಲೈವುಡ್‌ನ ಆವಿಯಂತೂ ಈ ಸೆನ್ಸರ್‌ಗೆ ಕಾಣುವುದೇ ಇಲ್ಲ. ಆದ್ದರಿಂದ ಜನರಿಲ್ಲದಾಗಲೂ ಕನಿಷ್ಠ ಗಾಳಿ ಬೇಕು.

ಸಿಮ್ಯುಲೇಷನ್ ವರದಿ ಕೈಗೆ ಬಂದಾಗ ಎಷ್ಟು ಯೂನಿಟ್ ಉಳಿಯಿತು ಎಂಬುದಷ್ಟನ್ನೇ ನೋಡಿ ಸಹಿ ಹಾಕಬಾರದು. ವರ್ಷದಲ್ಲಿ ಎಷ್ಟು ಗಂಟೆ, ಯಾವ ಕೋಣೆಯಲ್ಲಿ ಮಿತಿ ದಾಟಿತು ಎಂದೂ ಕೇಳಬೇಕು. ಆ ಉತ್ತರವಿಲ್ಲದ ಉಳಿತಾಯ ಒಳಗೆ ಕೂತವರ ಉಸಿರಿನಿಂದ ಕಡಿತ ಮಾಡಿದ್ದೂ ಆಗಿರಬಹುದು.