ಗ್ರಾಹಕನ ಬಾಯಿಂದ ಬಂದ ಮಾತೇ ನಿಜವಾದ ಜಾಹೀರಾತು

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬುದು ಹಳೆಯ ಗಾದೆ. ಆದರೆ ಇಂದಿನ ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ಬಾಯಿದ್ದರಷ್ಟೇ ಸಾಲದು. ಯಾರಿಗೆ ಏನನ್ನು ಹೇಳಬೇಕೆಂಬ ಅರಿವೂ ಇರಬೇಕು. ದೊಡ್ಡ ಕಂಪನಿಯೊಂದರ ಜಾಹೀರಾತು ವಿಫಲವಾದರೆ ಅದು ಮತ್ತೊಂದನ್ನು ಹೊರತರಬಲ್ಲದು. ಸಣ್ಣ ಉತ್ಪಾದಕನಿಗೆ ಆ ಅನುಕೂಲವಿಲ್ಲ. ಆತನ ಪ್ರಚಾರದ ವೆಚ್ಚ ದುಡಿಯುವ ಬಂಡವಾಳದಿಂದಲೇ ಬರುತ್ತದೆ. ಅದು ವ್ಯರ್ಥವಾದರೆ ಮುಂದಿನ ಹಂಗಾಮಿನ ಕಚ್ಚಾ ಸಾಮಗ್ರಿಯ ಖರೀದಿಗೇ ಪೆಟ್ಟು ಬೀಳುತ್ತದೆ.

ಒಂದೇ ಪುಡಿ, ಮೂವರು ಗ್ರಾಹಕರು

ಖಾರದ ಪುಡಿಯ ಉದ್ಯಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅನೇಕ ಪೊಟ್ಟಣಗಳ ಮೇಲೆ ‘ಶುದ್ಧ’, ‘ರುಚಿಕರ’, ‘ಉತ್ತಮ ಗುಣಮಟ್ಟ’ ಎಂಬ ಮಾತುಗಳೇ ಇರುತ್ತವೆ. ಎಲ್ಲರೂ ಹೇಳುವ ಮಾತು ಗ್ರಾಹಕನ ಕಿವಿಗೆ ಬೀಳುವುದೇ ಇಲ್ಲ.

2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ವೈಶಿಷ್ಟ್ಯ ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರ. ಅದರ ಪುಡಿಯನ್ನು ಕೊಳ್ಳುವವರ ಅಗತ್ಯಗಳು ಬೇರೆ ಬೇರೆ. ಮಕ್ಕಳಿರುವ ಮನೆಯಲ್ಲಿ ಸಾರು ಕೆಂಪಗಿರಬೇಕು, ನಾಲಿಗೆ ಉರಿಯಬಾರದು. ಹೋಟೆಲ್ ಮಾಲೀಕನಿಗೆ ಈ ತಿಂಗಳ ಪುಡಿ ಕಳೆದ ತಿಂಗಳಿನದರಂತೆಯೇ ಇರಬೇಕು; ಇಲ್ಲವಾದರೆ ಚಟ್ನಿಯ ಬಣ್ಣ ಬದಲಾಗಿ ಗಿರಾಕಿ ಪ್ರಶ್ನಿಸುತ್ತಾನೆ. ರಫ್ತುದಾರ ನೋಡುವುದು ಪ್ರಯೋಗಾಲಯದ ವರದಿಯಲ್ಲಿರುವ ಎಎಸ್‌ಟಿಎ ಬಣ್ಣಮಾನವನ್ನು. ಮೂವರಿಗೂ ಒಂದೇ ಕರಪತ್ರ ಹಂಚಿದರೆ ಅದು ಒಬ್ಬರನ್ನೂ ತಲುಪಲಾರದು. ಆದ್ದರಿಂದ ಮೊದಲು ಗ್ರಾಹಕ ಯಾರೆಂದು ನಿರ್ಧರಿಸಬೇಕು, ಮಾತು ಆನಂತರದ್ದು.

ಸೈಕಲ್ ಮೇಲೆ ಬಂದ ಸಂದೇಶ

1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಅವರು ಮನೆಯಲ್ಲೇ ತಯಾರಿಸಿದ ಬಟ್ಟೆ ತೊಳೆಯುವ ಪುಡಿಯನ್ನು ಸೈಕಲ್ ಮೇಲೆ ಮನೆಮನೆಗೆ ಒಯ್ದು ಮಾರಿದರು. ಆಗ ಪ್ರಮುಖ ಕಂಪನಿಯ ಪುಡಿಯ ಬೆಲೆ ಅದರ ಹಲವು ಪಟ್ಟು ಇತ್ತು. ‘ನಮ್ಮದು ಅದಕ್ಕಿಂತ ಶ್ರೇಷ್ಠ’ ಎಂಬ ವಾದಕ್ಕೆ ನಿರ್ಮಾ ಇಳಿಯಲಿಲ್ಲ. ದುಬಾರಿ ಪುಡಿಯನ್ನು ಕೊಳ್ಳಲಾಗದ ಕುಟುಂಬಕ್ಕೂ ಇದು ಎಟಕುತ್ತದೆ ಎಂಬುದೇ ಅದರ ಸಂದೇಶವಾಗಿತ್ತು. ಜನಪ್ರಿಯ ಜಾಹೀರಾತು ಗೀತೆ ಬಂದದ್ದು ಬಳಿಕ. ಸರಿಯಾದ ಗ್ರಾಹಕನ ಆಯ್ಕೆ ಆದದ್ದು ಮೊದಲು.

ಮಾತನ್ನು ಹುಡುಕುವ ಬಗೆ

ಈ ಹುಡುಕಾಟಕ್ಕೆ ದೊಡ್ಡ ಸಂಸ್ಥೆಯ ನೆರವು ಅನಿವಾರ್ಯವಲ್ಲ. ಮತ್ತೆ ಮತ್ತೆ ಬರುವ ಹತ್ತು ಗ್ರಾಹಕರನ್ನು ‘ಇದನ್ನೇ ಏಕೆ ಕೇಳಿ ಪಡೆಯುತ್ತೀರಿ?’ ಎಂದು ವಿಚಾರಿಸಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ಕೊಳ್ಳುವುದನ್ನು ನಿಲ್ಲಿಸಿದ ಕೆಲವರನ್ನೂ ವಿಚಾರಿಸುವುದು ಒಳಿತು. ಹೀಗೆ ದೊರೆತ ವಾಕ್ಯವನ್ನು ಪ್ರತಿಸ್ಪರ್ಧಿಯ ಪೊಟ್ಟಣದ ಮೇಲೆ ಇಟ್ಟು ಊಹಿಸಿ ನೋಡಬೇಕು. ಅಲ್ಲಿಯೂ ಅದು ಹೊಂದುವುದಾದರೆ ಅದು ತನ್ನ ಮಾತಲ್ಲ.

ಬಹುವರ್ಣದ ಪೌಚ್ ಮುದ್ರಣಕ್ಕೆ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸಿಲಿಂಡರ್ ಮಾಡಿಸಬೇಕಾಗುತ್ತದೆ. ಈ ವೆಚ್ಚಕ್ಕೆ ಕೈಹಾಕುವ ಮುನ್ನ ಹಳೆಯ ಪೊಟ್ಟಣಕ್ಕೇ ಹೊಸ ಮಾತಿನ ಚೀಟಿ ಅಂಟಿಸಿ, ಎರಡು ಅಂಗಡಿಗಳಲ್ಲಿ ಒಂದು ತಿಂಗಳು ಮಾರಿ ನೋಡುವುದು ಜಾಣತನ. ಹಿಂದಿನ ತಿಂಗಳ ಮಾರಾಟದೊಂದಿಗೆ ಹೋಲಿಸಿದರೆ ಫಲ ತಿಳಿಯುತ್ತದೆ.

ಸತ್ಯವೇ ಅಡಿಪಾಯ

ಆಕರ್ಷಕ ಮಾತು ಸುಳ್ಳಾದರೆ ದಂಡಕ್ಕೂ ದಾರಿಯಾಗುತ್ತದೆ. ಆಹಾರ ಪದಾರ್ಥಗಳ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 53ನೆಯ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ಶುದ್ಧ’ ಎಂಬ ಪದದ ಬಳಕೆಗೂ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಬೇರೆ ಊರಿನ ಮೆಣಸಿನಕಾಯಿಯ ಪುಡಿಗೆ ಬ್ಯಾಡಗಿಯ ಹೆಸರು ಹಚ್ಚುವುದಂತೂ ಕಾನೂನಿಗೂ ವಿರುದ್ಧ, ವ್ಯಾಪಾರಧರ್ಮಕ್ಕೂ ವಿರುದ್ಧ.

ಮೊದಲ ಪೊಟ್ಟಣವನ್ನು ಮಾತು ಮಾರಬಹುದು. ಎರಡನೆಯದನ್ನು ಮಾರುವುದು ಪೊಟ್ಟಣದೊಳಗಿನ ಪುಡಿಯೇ. ಇವೆರಡೂ ಒಂದನ್ನೇ ಹೇಳಿದಾಗ ಸಣ್ಣ ಉದ್ಯಮಿಯ ಪ್ರಚಾರದ ಹಣ ವ್ಯರ್ಥವಾಗದು.